ಕಂದು ಕೋಟಿನ ಗುಂಡಿಗಳು

ಆ ಕಲಾ ಸಂಗ್ರಹಾಲಯದಲ್ಲಿ ಆಗ ಒಟ್ಟಿಗೆ ಮೂರು ಪ್ರದರ್ಶನಗಳು ನಡೆಯುತ್ತಿದ್ದವು. ನೆಲಮಹಡಿಯಲ್ಲಿ ಗಾಜಿನ ಕೊಳವೆಗಳಿಂದ ಮಾಡಿದ ಒಂದು ದೊಡ್ಡ ಕಾಡು. ಜನ ಅದರೊಳಗೆ ನಡೆದಾಡಿ, ಫೋಟೋ ತೆಗೆಸಿಕೊಂಡು, ಹೊರಗೆ ಬಂದು ಮತ್ತೆ ಸಾಲಿನಲ್ಲಿ ನಿಲ್ಲುತ್ತಿದ್ದರು. ಮೊದಲ ಮಹಡಿಯಲ್ಲಿ ಸೇತುವೆಗಳ ಛಾಯಾಚಿತ್ರಗಳು. ಅದನ್ನು ದಾಟಿ, ಶೌಚಾಲಯದ ದಾರಿಯಲ್ಲಿ ಎಡಕ್ಕೆ ತಿರುಗಿದರೆ ಸಿಗುವ ನಾಲ್ಕನೇ ಕೋಣೆಯಲ್ಲಿ, ಐವತ್ತು ವರ್ಷದ ಹಿಂದೆ ತೀರಿಕೊಂಡ ಒಬ್ಬ ಡ್ರಾಯಿಂಗ್ ಮೇಷ್ಟರ ಹದಿನೆಂಟು ಚಿತ್ರಗಳು. ಆ ಕೋಣೆಗೆ ಬರುವವರಲ್ಲಿ ಅರ್ಧ ಜನ ದಾರಿ ತಪ್ಪಿ ಬಂದವರು. ಒಳಗೆ ಕಾಲಿಟ್ಟು, ಒಂದು ಸುತ್ತು ಕಣ್ಣಾಡಿಸಿ, ಬಂದ ತಪ್ಪಿಗೆ ಒಂದೆರಡು ಚಿತ್ರ ನೋಡಿದಂತೆ ಮಾಡಿ ಹೊರಟುಬಿಡುತ್ತಿದ್ದರು. ಕಾವಲಿನವರ ಬಾಯಲ್ಲಿ ಅದಕ್ಕೆ ಶಿಕ್ಷೆಯ ಕೋಣೆ ಎಂದೇ ಹೆಸರು.

ಟೈಲರಮ್ಮನ ಪಾಲಿಗೆ ಬಂದದ್ದು ಆ ಕೋಣೆ. ಅವಳು ಕಾವಲಿನ ಕೆಲಸಕ್ಕೆ ಸೇರಿ ಇನ್ನೂ ಎಂಟು ತಿಂಗಳು. ಅದಕ್ಕೆ ಮೊದಲು ಮೂವತ್ತೊಂದು ವರ್ಷ, ಬೇಕರಿ ಪಕ್ಕದ ಸಣ್ಣ ಅಂಗಡಿಯಲ್ಲಿ ಹೆಂಗಸರ ಕೋಟು, ಮಕ್ಕಳ ಸಮವಸ್ತ್ರ ಹೊಲಿದವಳು. ನಲವತ್ತು ದಾಟಿದ ಮೇಲೆ ಹತ್ತಿರದ ನೋಟ ಕೈಕೊಡತೊಡಗಿತು. ಐವತ್ತೈದಕ್ಕೆ ಸೂಜಿಗೆ ದಾರ ಪೋಣಿಸುವುದೇ ಒಂದು ಪ್ರಯಾಣವಾಯಿತು. ಆದರೆ ಮಾರು ದೂರದ್ದು ಮಾತ್ರ ಹದ್ದಿನ ಹಾಗೆ ಕಾಣುತ್ತಿತ್ತು. ಎದುರುಗಡೆ ಪಾದಚಾರಿ ದಾರಿಯಲ್ಲಿ ಹೋಗುವವರ ಅಂಗಿಯ ಅಂಚು ಬಿಚ್ಚಿದ್ದರೆ ಅಂಗಡಿಯಲ್ಲಿ ಕೂತೇ ಹೇಳಿಬಿಡುತ್ತಿದ್ದಳು. ಅಂಗಡಿ ಮುಚ್ಚಿದಾಗ ಅವಳ ಅಕ್ಕ, ದೂರವಾಣಿ ಕಚೇರಿಯಿಂದ ನಿವೃತ್ತಳಾದವಳು, ಪತ್ರಿಕೆಯ ಜಾಹೀರಾತು ಕತ್ತರಿಸಿ ಕೈಗೆ ಕೊಟ್ಟಿದ್ದಳು. ದೂರ ನಿಂತು ನೋಡುವ ಕೆಲಸವಂತೆ, ನಿನ್ನ ಕಣ್ಣಿಗೆ ಹೇಳಿ ಮಾಡಿಸಿದ ಹಾಗಿದೆ ಎಂದಿದ್ದಳು.

ಕೆಲಸದ ಕಟ್ಟಳೆಗಳು ಮೂರು. ಚಿತ್ರಕ್ಕೂ ಜನಕ್ಕೂ ನಡುವೆ ಒಂದು ತೋಳಿನಷ್ಟು ಅಂತರ ಇರಬೇಕು. ಕೇಳಿದರೆ ದಾರಿ ಹೇಳಬಹುದು, ಚಿತ್ರದ ವಿಷಯ ಮಾತಾಡಬಾರದು. ಕೂತು ನಿದ್ದೆ ಹೋಗಬಾರದು. ಮೂರನೆಯದೇ ಕಷ್ಟ. ಆ ಕೋಣೆಯಲ್ಲಿ ಮೊದಲ ವಾರ ಅವಳು ನೆಲದ ಹಲಗೆಗಳನ್ನು ಎಣಿಸಿದಳು. ಎರಡನೇ ವಾರ ಬೇರೆ ದಾರಿ ಕಾಣದೆ ಚಿತ್ರಗಳನ್ನು ನೋಡತೊಡಗಿದಳು.

ಹದಿನೇಳು ಚಿತ್ರಗಳಲ್ಲಿ ಮನುಷ್ಯರೇ ಇರಲಿಲ್ಲ. ಶಾಲೆಯ ಖಾಲಿ ಅಂಗಳ, ಒಂದು ಕಾಲುವೆ, ಕಿಟಕಿ ದಂಡೆಯ ಮೇಲೆ ಈರುಳ್ಳಿ, ಒಗೆದು ಕವುಚಿಟ್ಟ ಬಕೆಟ್ಟು, ಮೆಟ್ಟಿಲ ಮೇಲೆ ಬಿದ್ದ ಬಿಸಿಲು. ಹದಿನೆಂಟನೆಯದು ಕೊನೆಯ ಗೋಡೆಯಲ್ಲಿ ಒಂಟಿಯಾಗಿ ತೂಗುತ್ತಿತ್ತು: ಕಂದು ಬಣ್ಣದ ಉಣ್ಣೆಯ ಕೋಟು ತೊಟ್ಟ ಮೂವತ್ತರ ಆಸುಪಾಸಿನ ಹೆಂಗಸು. ಕೂತ ಭಂಗಿಯ, ಮಡಿಲವರೆಗಿನ ಚಿತ್ರ. ಹುಬ್ಬು ಸ್ವಲ್ಪ ಗಂಟಿಕ್ಕಿತ್ತು, ತುಟಿ ಬಿಗಿದಿತ್ತು. ಪಕ್ಕದ ಚೀಟಿಯಲ್ಲಿ ಹೀಗೆ ಬರೆದಿತ್ತು: ‘ಹೆಂಡತಿಯ ಚಿತ್ರ. ಕಲಾವಿದರು ರಚಿಸಿದ ಏಕೈಕ ಭಾವಚಿತ್ರ.’

ಟೈಲರಮ್ಮ ಮುಖ ನೋಡಲಿಲ್ಲ. ಕೋಟು ನೋಡಿದಳು. ಅದು ಅವಳ ಅಭ್ಯಾಸ. ಮದುವೆ ಮನೆಗೆ ಹೋದರೂ ಮೊದಲು ಕಣ್ಣು ಹೋಗುವುದು ಹೊಲಿಗೆಗೆ. ಕೋಟು ಮನೆಯಲ್ಲೇ ಹೊಲಿದದ್ದು ಎಂದು ಒಂದೇ ನೋಟಕ್ಕೆ ಗೊತ್ತಾಯಿತು. ತೋಳು ಕೂಡಿಸುವ ಜಾಗದಲ್ಲಿ ಬಟ್ಟೆ ಒಂದಿಷ್ಟು ಹೆಚ್ಚಾಗಿ, ಸಣ್ಣಗೆ ಉಬ್ಬಿಕೊಂಡಿತ್ತು. ಕಲಿಯುವವರೆಲ್ಲ ಮಾಡುವ ತಪ್ಪು ಅದು. ಅವಳಿಗೆ ಬೆರಗು ಹುಟ್ಟಿಸಿದ್ದು ಆ ತಪ್ಪಲ್ಲ, ಬರೆದವರು ಅದನ್ನು ಕಂಡಿದ್ದು. ಎದೆಯ ಅಳತೆಗೆ ಹಿಡಿದ ಎರಡು ಮಡಿಕೆ ಹೊಲಿಗೆಗಳು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತವೆ ಎಂಬುದೂ ಸರಿಯಾಗಿತ್ತು. ಮೇಲಿನ ಎರಡು ಗುಂಡಿ ಬಿಚ್ಚಿತ್ತು, ಕೆಳಗಿನ ಎರಡು ಹಾಕಿತ್ತು. ನಾಲ್ಕು ತೂತಿನ ಗುಂಡಿಗಳು. ಮೂರಕ್ಕೆ ದಾರ ಅಡ್ಡಡ್ಡ ಹಾದು ಗುಣಾಕಾರದ ಗುರುತಿನಂತೆ ಇದ್ದರೆ, ಒಂದಕ್ಕೆ ಮಾತ್ರ ಎರಡು ನೆಟ್ಟಗಿನ ಗೆರೆ. ಯಾವಾಗಲೋ ಕಿತ್ತುಬಂದದ್ದನ್ನು ಅವಸರದಲ್ಲಿ ಹಾಕಿಕೊಂಡದ್ದು.

ಗಂಡಸು ಇಷ್ಟೆಲ್ಲ ನೋಡುತ್ತಾನಾ ಎಂದು ಅವಳಿಗೆ ಅನ್ನಿಸಿತು. ಆಮೇಲೆ ಅವಳೇ, ಚಿತ್ರ ಬರೆಯುವವನಲ್ಲವಾ, ನೋಡಿದ್ದಾನು ಎಂದುಕೊಂಡಳು.

ಮೂರನೇ ವಾರ, ಒಂದು ಮಂಗಳವಾರ ಮಧ್ಯಾಹ್ನ, ಅವಳ ಕಣ್ಣಿಗೆ ಗುಂಡಿಗಳ ಸಾಲು ತಟ್ಟಿತು. ಹೆಂಗಸರ ಕೋಟಿಗೆ ಗುಂಡಿ ತೊಟ್ಟವರ ಎಡಗಡೆ, ಗುಂಡಿ ತೂರಿಸುವ ಕಾಜಾ ಬಲಗಡೆ. ಗಂಡಸರದ್ದು ಇದಕ್ಕೆ ತಿರುಗುಮುರುಗು. ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ಅದಲುಬದಲು ಮಾಡಿದವಳಲ್ಲ ಅವಳು. ಆದರೆ ಇಲ್ಲಿ ಗುಂಡಿ ಇರಬೇಕಾದ ಕಡೆ ಕಾಜಾ ಇತ್ತು, ಕಾಜಾ ಇರಬೇಕಾದ ಕಡೆ ಗುಂಡಿ ಇತ್ತು. ಎದ್ದು ನಿಂತು, ತನ್ನದೇ ಸಮವಸ್ತ್ರದ ಕೋಟನ್ನು ಮುಟ್ಟಿ ನೋಡಿಕೊಂಡು, ಮತ್ತೆ ಚಿತ್ರ ನೋಡಿದಳು. ದಾರಿ ತಪ್ಪಿ ಬಂದಿದ್ದ ಒಬ್ಬಾತ ಅವಳು ಎದೆ ತಡವಿಕೊಳ್ಳುವುದನ್ನು ಕಂಡು, ಹುಷಾರಿಲ್ಲವೇ, ಯಾರನ್ನಾದರೂ ಕರೆಯಲೇ ಎಂದು ಕೇಳಿದ. ಶೌಚಾಲಯ ಬಲಕ್ಕೆ ಎಂದಳು ಟೈಲರಮ್ಮ.

ಆ ಸಂಜೆ ಮನೆಯಲ್ಲಿ ಅಕ್ಕ ಬಟಾಣಿ ಬಿಡಿಸುತ್ತಾ ಕೂತಿದ್ದಳು. ವಿಷಯ ಪೂರ್ತಿ ಕೇಳಿ, ಗಂಡನ ಕೋಟು ಹಾಕಿಕೊಂಡಿರಬೇಕು, ಅದರಲ್ಲೇನು ಎಂದಳು. ಎದೆಯ ಮಡಿಕೆ ಹೊಲಿಗೆ ಇರುವ ಕೋಟನ್ನು ಯಾವ ಗಂಡ ತೊಡುತ್ತಾನೆ ಎಂದು ತಂಗಿ ಕೇಳಿದಳು. ಅಕ್ಕ ಬಟಾಣಿ ಸಿಪ್ಪೆಗಳನ್ನು ಒಟ್ಟುಮಾಡಿದಳು. ಹಾಗಾದರೆ ಬರೆಯುವಾಗ ತಪ್ಪಿರಬೇಕು ಎಂದಳು. ದಾರದ ಗೆರೆ ಕೂಡ ತಪ್ಪದವರು ಗುಂಡಿಯ ಕಡೆ ತಪ್ಪುತ್ತಾರಾ ಎಂದಳು ತಂಗಿ.

ಟೈಲರಮ್ಮ ಬೀರು ತೆಗೆದು ತನ್ನ ಹಳೆಯ ಕೋಟು ಹೊರಗೆಳೆದಳು. ತೊಟ್ಟು, ಬೀರುವಿನ ಬಾಗಿಲ ಕನ್ನಡಿ ಮುಂದೆ ನಿಂತಳು. ಕೊರಳಿನ ಗುಂಡಿ ಸರಿಮಾಡಿಕೊಂಡಳು. ಹಾಗೇ ಕೈ ಅಲ್ಲೇ ನಿಂತುಬಿಟ್ಟಿತು.

“ಏನೇ ಅದು, ಈ ವಯಸ್ಸಲ್ಲಿ ಇಷ್ಟು ಹೊತ್ತು ಕನ್ನಡಿ ಮುಂದೆ?” ಎಂದು ಅಕ್ಕ ಅಡುಗೆಮನೆಯಿಂದ ಕೂಗಿದಳು.

“ಅಕ್ಕಾ, ಇಲ್ಲಿ ಬಾ. ನನ್ನ ಗುಂಡಿ ಯಾವ ಕಡೆ ಇದೆ ನೋಡು. ನನ್ನನ್ನಲ್ಲ, ಕನ್ನಡಿಲಿರೋಳನ್ನ ನೋಡು.”

ಅಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು ನೋಡಿದಳು. ಕನ್ನಡಿಯೊಳಗಿನ ಹೆಂಗಸಿನ ಗುಂಡಿಗಳು ಗಂಡಸರ ಕಡೆಗಿದ್ದವು. ಕನ್ನಡಿ ನೋಡಿಕೊಂಡು ಬರೆಯುವುದು ತಮ್ಮದೇ ಚಿತ್ರ ಬರೆಯುವವರು ಮಾತ್ರ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಮರುದಿನ ಟೈಲರಮ್ಮ ಬಾಗಿಲು ತೆರೆಯುವ ಮುಂಚೆಯೇ ಕೋಣೆಯಲ್ಲಿದ್ದಳು. ಈ ಸಲ ತೋಳುಗಳನ್ನು ನೋಡಿದಳು. ಒಂದು ಕೈ ಮಡಿಲಲ್ಲಿತ್ತು. ಇನ್ನೊಂದು ತೋಳು ಮೊಣಕೈ ಮೇಲೇ ಚಿತ್ರದ ಅಂಚಿಗೆ ತಾಗಿ ಕತ್ತರಿಸಿಹೋಗಿತ್ತು. ಅದು ಸುಮ್ಮನೆ ಇಳಿಬಿದ್ದ ತೋಳಾಗಿದ್ದರೆ ನಿರಿಗೆಗಳು ಭುಜದಿಂದ ನೇರ ಕೆಳಗೆ ಬರಬೇಕಿತ್ತು. ಇಲ್ಲಿ ಕಂಕುಳಿಂದ ಹೊರಟು ಓರೆಯಾಗಿ ಭುಜದ ಕಡೆ ಏರಿದ್ದವು. ಸಾವಿರಾರು ಜನರಿಗೆ ಕೈ ಎತ್ತಿ, ಕೈ ಇಳಿಸಿ ಎಂದು ಅಳತೆ ತೆಗೆದವಳಿಗೆ ಆ ನಿರಿಗೆ ಅಪರಿಚಿತವಲ್ಲ. ಆ ತೋಳು ಎತ್ತಿತ್ತು, ಮುಂದಕ್ಕೆ ಚಾಚಿತ್ತು. ಚಿತ್ರದ ಆಚೆ ಆ ಕೈ ಏನೋ ಮಾಡುತ್ತಿತ್ತು.

ಕಾವಲಿನವರ ಮುಖ್ಯಸ್ಥನಿಗೆ ಎಲ್ಲರೂ ಗಡಿಯಾರ ಎನ್ನುತ್ತಿದ್ದರು. ಅವನು ಒಂದು ನಿಮಿಷ ಹಿಂದುಮುಂದಾದವನಲ್ಲ. ಟೈಲರಮ್ಮ ಚಹಾದ ಹೊತ್ತಿನಲ್ಲಿ ಅವನಿಗೆ ವಿಷಯ ಹೇಳಿದಳು. ಅವನು ತಾಳ್ಮೆಯಿಂದಲೇ ಕೇಳಿ, ಚಿತ್ರ ಕಳುವಾದರೆ ನಮ್ಮನ್ನು ಕೇಳುತ್ತಾರೆ, ಯಾರು ಬರೆದದ್ದು ಎಂದು ನಮ್ಮನ್ನು ಯಾರೂ ಕೇಳುವುದಿಲ್ಲ ಎಂದ. ಆದರೂ ಹೋಗುವಾಗ, ಕ್ಯುರೇಟರ್ ಮೇಡಂ ಗುರುವಾರ ಹನ್ನೊಂದಕ್ಕೆ ಈ ಮಹಡಿಗೆ ಬರುತ್ತಾರೆ ಎಂದು ತನ್ನಷ್ಟಕ್ಕೆ ಹೇಳಿಕೊಂಡಂತೆ ಹೇಳಿ ಹೋದ.

ಯಾವ ಚಿತ್ರ ಯಾವ ಗೋಡೆಗೆ, ಅದರ ಪಕ್ಕದ ಚೀಟಿಯಲ್ಲಿ ಏನಿರಬೇಕು ಎಂದು ತೀರ್ಮಾನಿಸುವವಳು ಈ ಕ್ಯುರೇಟರ್. ವಯಸ್ಸು ಮೂವತ್ತೈದು ಇರಬಹುದು. ಕನ್ನಡಕವನ್ನು ತಲೆಗೆ ಏರಿಸಿಕೊಂಡು ಕನ್ನಡಕ ಹುಡುಕುವವಳು. ಮೇಷ್ಟರ ಚಿತ್ರಗಳನ್ನು ಹುಡುಕಿ ಹೊರತಂದವಳು ಅವಳೇ, ಯಾರೂ ನೋಡುತ್ತಿಲ್ಲವಲ್ಲ ಎಂಬ ಕೊರಗೂ ಅವಳದೇ. ಹಾಗಾಗಿ ಕಾವಲಿನ ಹೆಂಗಸೊಬ್ಬಳು ಆ ಚಿತ್ರದ ವಿಷಯ ಎರಡು ಮಾತು ಎಂದಾಗ ನಿಂತಳು. ಗುಂಡಿ, ಕಾಜಾ, ನಿರಿಗೆ ಎಲ್ಲ ಕೇಳಿದಳು. ತಲೆಯಿಂದ ಕನ್ನಡಕ ಇಳಿಸಿ ಚಿತ್ರದ ಹತ್ತಿರ ಹೋದಳು. ಟೈಲರಮ್ಮ ಅಭ್ಯಾಸಬಲದಿಂದ, “ಒಂದು ತೋಳು ಅಂತರ, ಮೇಡಂ,” ಎಂದಳು.

ಕ್ಯುರೇಟರ್ ಅವಳನ್ನು ತನ್ನ ಕೋಣೆಗೆ ಕರೆದುಕೊಂಡು ಹೋಗಿ ಕಡತ ಬಿಚ್ಚಿದಳು. ಚಿತ್ರದ ಬೆನ್ನಿನ ಫೋಟೋ ಅದರಲ್ಲಿತ್ತು. ಪೆನ್ಸಿಲ್ಲಿನಲ್ಲಿ, ಮೇಷ್ಟರ ಕೈಬರಹದಲ್ಲಿ ಮೂರು ಪದ: ‘ನನ್ನ ಹೆಂಡತಿಯ ಚಿತ್ರ.’ ಇದಕ್ಕಿಂತ ಸಾಕ್ಷಿ ಬೇಕೇ ಎನ್ನುವ ಹಾಗೆ ಅವಳು ಬೆರಳಿಟ್ಟು ತೋರಿಸಿದಳು.

ಟೈಲರಮ್ಮ ಫೋಟೋವನ್ನು ತೋಳುದ್ದ ಹಿಡಿದು ಓದಿದಳು. “ನಮ್ಮಕ್ಕನ ಫೋಟೋ ಅಂದ್ರೆ ಏನು ಮೇಡಂ? ಅಕ್ಕ ಅದರಲ್ಲಿದಾಳೆ ಅಂತಾನಾ, ಅಕ್ಕ ತೆಗೆದಿದ್ದು ಅಂತಾನಾ?”

ಕ್ಯುರೇಟರ್ ಆ ಮೂರು ಪದಗಳನ್ನು ಹೊಸದಾಗಿ ಅಕ್ಷರ ಕಲಿತವರ ಹಾಗೆ ಒಂದೊಂದಾಗಿ ಓದಿದಳು. ಎರಡೂ ಅರ್ಥ ಅಲ್ಲೇ ಕೂತಿದ್ದವು, ಒಂದನ್ನೊಂದು ದೂಡದೆ.

ಅಂದು ಸಂಜೆ ಟೈಲರಮ್ಮ ಗಾಳಿಯಲ್ಲಿ ತೇಲಿಕೊಂಡು ಮನೆಗೆ ಬಂದಳು. ಬಸ್ಸಿನಲ್ಲಿ ಎದುರಿನ ಸೀಟಿನವರ ಗುಂಡಿಗಳನ್ನೆಲ್ಲ ನೋಡಿದಳು. ಮನೆಗೆ ಬಂದು ಬೂಟು ಬಿಚ್ಚುವಾಗ ಇದ್ದಕ್ಕಿದ್ದಂತೆ ಒಂದು ಬೂಟು ಕೈಯಲ್ಲಿ ಹಿಡಿದು ಹಾಗೇ ಕೂತುಬಿಟ್ಟಳು. ಮಗುಚಿದ ಕೋಟು! ಅದು ಹೇಗೆ ಮರೆತುಹೋಯಿತು?

ಹಳೆಯ ಕಾಲದಲ್ಲಿ ಉಣ್ಣೆಯ ಕೋಟು ಮಾಸಿ ಬಣ್ಣ ಹೋದರೆ ಎಸೆಯುತ್ತಿರಲಿಲ್ಲ. ಹೊಲಿಗೆಯೆಲ್ಲ ಬಿಚ್ಚಿ, ಬಟ್ಟೆಯ ಒಳಮೈ ಹೊರಕ್ಕೆ ಬರುವಂತೆ ಮಗುಚಿ ಮತ್ತೆ ಹೊಲಿಯುತ್ತಿದ್ದರು. ಕೋಟು ಹೊಸದರಂತೆ ಆಗುತ್ತಿತ್ತು. ಆದರೆ ಎಡದ ತುಂಡು ಬಲಕ್ಕೆ ಹೋಗುತ್ತಿತ್ತು, ಬಲದ್ದು ಎಡಕ್ಕೆ. ಗುಂಡಿ ಕಾಜಾ ಅದಲುಬದಲಾಗುತ್ತಿದ್ದವು. ಅವಳಿಗೆ ಕೆಲಸ ಕಲಿಸಿದ ಮುದುಕ ಟೈಲರ್ ಅಂಥ ಎಷ್ಟೋ ಕೋಟುಗಳನ್ನು ಮಗುಚಿದ್ದ. ಮೇಷ್ಟರ ಹೆಂಡತಿಯೂ ಹಾಗೇ ಮಾಡಿಕೊಂಡಿದ್ದರೆ ಗುಂಡಿಯ ವಾದ ಪೂರ್ತಿ ಬಿದ್ದುಹೋಗುತ್ತಿತ್ತು. ತೋಳಿನ ನಿರಿಗೆಯೊಂದೇ ಉಳಿಯುತ್ತಿತ್ತು, ನಿರಿಗೆಯನ್ನು ಹೇಗೆ ಬೇಕಾದರೂ ಹೇಳಬಹುದು.

ಅಕ್ಕ ಇದನ್ನು ಕೇಳಿ, ಇದು ಆ ಮೇಡಮ್ಮಿಗೆ ಗೊತ್ತಾ ಎಂದಳು. ಗೊತ್ತಿಲ್ಲ ಎಂದಳು ತಂಗಿ. ಈಗಿನ ಕಾಲದಲ್ಲಿ ಕೋಟು ಮಗುಚುವುದು ಯಾರಿಗೆ ಗೊತ್ತು. “ಹಾಗಾದ್ರೆ ನೀನು ಹೇಳದೆ ಇದ್ರೆ ಯಾರೂ ಕೇಳಲ್ಲ,” ಎಂದಳು ಅಕ್ಕ. ಹಾಗೆಂದು ತಂಗಿಯ ಮುಖ ನೋಡಿ, ತಾನೇ ಮಾತು ಮುಗಿಸಿದಳು: “ಹೇಳ್ತೀಯ. ಗೊತ್ತು ಬಿಡು. ನಾಳೆ ಬೆಳಗ್ಗೆ ಮೊದಲು ಅದೇ ಕೆಲಸ.”

ಹಾಗೇ ಆಯಿತು. ಕ್ಯುರೇಟರ್ ನಿರಾಸೆಯಿಂದ ಕುರ್ಚಿಗೊರಗಿದಳು, ಆದರೆ ಬೇಸರಪಡಲಿಲ್ಲ. ಬಹಳ ಹೊತ್ತು ಮೇಜಿನ ಮೇಲಿನ ಪೆನ್ಸಿಲನ್ನು ಉರುಳಿಸಿ, ಕೋಟೇ ಸಿಕ್ಕಿದರೆ ಹೇಳಬಲ್ಲಿರಾ ಎಂದು ಕೇಳಿದಳು. ಎಪ್ಪತ್ತು ವರ್ಷದ ಹಿಂದಿನ ಕೋಟು ಎಲ್ಲಿ ಸಿಕ್ಕೀತು ಎಂದಳು ಟೈಲರಮ್ಮ. ಚಿತ್ರಗಳನ್ನು ದಾನವಾಗಿ ಕೊಟ್ಟವಳು ಮೇಷ್ಟರ ಒಬ್ಬಳೇ ಮಗಳು. ಊರಿನಲ್ಲೇ ಇದ್ದಾಳೆ. ಅವಳು ಏನನ್ನೂ ಎಸೆಯುವವಳಲ್ಲ ಎಂದು ಕ್ಯುರೇಟರಿಗೆ ಗೊತ್ತಿತ್ತು, ಆ ಮನೆಯ ಅಟ್ಟದಿಂದ ಉಳಿದ ಚಿತ್ರಗಳನ್ನು ಇಳಿಸಿದಾಗ ಮೂರು ದಿನ ಸೀನಿದ್ದಳು.

ಭಾನುವಾರ ಇಬ್ಬರೂ ಹೋದರು. ಮೇಷ್ಟರ ಮಗಳಿಗೆ ಎಪ್ಪತ್ತಾರು. ನಲವತ್ತು ವರ್ಷ ಔಷಧಿ ಅಂಗಡಿ ನಡೆಸಿದವಳು. ಮನೆಯಲ್ಲಿ ಪ್ರತಿ ಡಬ್ಬಿಗೂ ಹೆಸರು ಬರೆದ ಚೀಟಿ. ತಂದೆಯ ಪ್ರದರ್ಶನದ ವಿಷಯ ಮಾತಾಡಲು ಬಂದಿದ್ದಾರೆಂದು ಮುಖವೆಲ್ಲ ಅರಳಿತ್ತು, ಒಳ್ಳೆಯ ಕಪ್ಪುಗಳನ್ನು ಹೊರಗಿಟ್ಟಿದ್ದಳು. ಕ್ಯುರೇಟರ್ ಬಹಳ ನಾಜೂಕಾಗಿ, ಸುತ್ತಿ ಬಳಸಿ ವಿಷಯಕ್ಕೆ ಬಂದಳು. ಹಾಗೆ ಸುತ್ತಿ ಬಳಸಿದ್ದೇ ತಪ್ಪಾಯಿತು. ಮುದುಕಿಗೆ ಅರ್ಥವಾಗುವ ಹೊತ್ತಿಗೆ ತಂದೆಯ ಹೆಸರಿಗೆ ಯಾರೋ ಕೈ ಹಾಕುತ್ತಿದ್ದಾರೆ ಎಂದಷ್ಟೇ ಅನ್ನಿಸಿತು. ಕಪ್ಪು ಕೆಳಗಿಟ್ಟಳು. ತನ್ನ ತಾಯಿ ಕುಂಚ ಹಿಡಿದದ್ದನ್ನು ಒಂದು ದಿನವೂ ನೋಡಿಲ್ಲ ಎಂದಳು. ಇದ್ದ ಒಂದೇ ಒಂದು ಒಳ್ಳೆ ಚಿತ್ರವನ್ನು ಅಪ್ಪನಿಂದ ಕಿತ್ತುಕೊಳ್ಳಲು ಬಂದಿರಾ ಎಂದಳು. ಕ್ಯುರೇಟರ್ ಕೆಂಪಾದಳು. ಇನ್ನು ಎದ್ದು ಹೊರಡುವುದೇ ಮೇಲು ಎನ್ನುವಂತಾಯಿತು.

ಟೈಲರಮ್ಮನಿಗೆ ಸುತ್ತಿ ಬಳಸಲು ಬರುತ್ತಿರಲಿಲ್ಲ. ಅವಳು ಕೇಳಿದ್ದು ಇಷ್ಟೇ: “ಆ ಕೋಟು ಎಲ್ಲಿ ಹೋಯ್ತಮ್ಮಾ? ಮೂರು ಗುಂಡಿ ಒಂದು ಥರ, ಒಂದು ಗುಂಡಿ ಇನ್ನೊಂದು ಥರ ಹೊಲಿದಿತ್ತಲ್ಲ, ಅದು?”

ಮುದುಕಿ ಅವಳನ್ನು ಆಗ ಮೊದಲ ಸಲ ಸರಿಯಾಗಿ ನೋಡಿದಳು. “ಆ ಗುಂಡಿ ನಿಮಗೆ ಹೇಗೆ ಗೊತ್ತು?”

“ಚಿತ್ರದಲ್ಲಿದೆ.”

“ಚಿತ್ರದಲ್ಲಿದೆಯಾ,” ಎಂದಳು ಮುದುಕಿ. ಜೀವಮಾನವಿಡೀ ಊಟದ ಮೇಜಿನ ಮೇಲೆ ತೂಗುತ್ತಿದ್ದ ಚಿತ್ರ ಅದು, ಅವಳಿಗೆ ಅಷ್ಟು ಕಂಡಿರಲಿಲ್ಲ. ಆದರೆ ಗುಂಡಿ ಬೆರಳಿಗೆ ಗೊತ್ತಿತ್ತು. ಅಮ್ಮ ಆ ಕೋಟನ್ನು ಕತ್ತರಿಸಿ ತನಗೆ ಏಳನೇ ವರ್ಷಕ್ಕೆ ಶಾಲೆಯ ಕೋಟು ಮಾಡಿಕೊಟ್ಟಿದ್ದಳು. ತರಗತಿಯಲ್ಲಿ ಬೇಸರವಾದಾಗ ಆ ಒಂದು ಗುಂಡಿಯ ದಾರವನ್ನು ಉಗುರಿನಿಂದ ಮೀಟುತ್ತಾ ಕೂರುತ್ತಿದ್ದೆ ಎಂದಳು. ಎರಡು ಚಳಿಗಾಲ ತೊಟ್ಟ ಮೇಲೆ ತೋಳು ಗಿಡ್ಡವಾಯಿತು. ಎದ್ದು ಒಳಗೆ ಹೋದಳು. ಟ್ರಂಕಿನ ಮುಚ್ಚಳ ಕಿರುಗುಟ್ಟಿತು. ಹೊರಗೆ ಬಂದಾಗ ನುಸಿಗುಳಿಗೆಯ ವಾಸನೆಯ ಒಂದು ಪುಟ್ಟ ಕಂದು ಕೋಟು ಕೈಯಲ್ಲಿತ್ತು.

ಟೈಲರಮ್ಮ ಅದನ್ನು ಕಿಟಕಿಯ ಬೆಳಕಿಗೆ ಒಯ್ದಳು. ನಾಲ್ಕು ಗುಂಡಿ. ಮೂರಕ್ಕೆ ಅಡ್ಡಡ್ಡ ದಾರ, ಒಂದಕ್ಕೆ ನೆಟ್ಟಗಿನ ಎರಡು ಗೆರೆ. ಕತ್ತರಿಸಿ ಹೊಸದಾಗಿ ಹಾಕುವಾಗಲೂ ಕೈಗೆ ಅದೇ ಅಭ್ಯಾಸ ಬಂದಿತ್ತೋ, ತಾಯಿ ಬೇಕೆಂದೇ ಹಾಗೆ ಮಾಡಿದ್ದಳೋ. ಕೇಳಿ ಒಪ್ಪಿಗೆ ಪಡೆದು, ಒಳಗಿನ ಅಸ್ತರಿ ಬಟ್ಟೆಯ ಅಂಚನ್ನು ಎರಡು ಬೆರಳಗಲ ಬಿಚ್ಚಿದಳು. ಹತ್ತಿರದ್ದು ಕಾಣದಾದಾಗ ಬೆರಳ ತುದಿಯಲ್ಲಿ ಸವರಿದಳು, ಆಮೇಲೆ ಕೋಟನ್ನು ತೋಳುದ್ದ ಚಾಚಿ ಹಿಡಿದು ನೋಡಿದಳು. ಬಟ್ಟೆಯ ಹೊರಮೈ ಗಾಢ ಕಂದು, ಇನ್ನೂ ಉಣ್ಣೆಯ ಜುಂಗು ಉಳಿದಿತ್ತು. ಒಳಮೈ ಬಿಸಿಲಿಗೆ ಬಾಡಿ, ಉಜ್ಜಿ ಉಜ್ಜಿ ನುಣುಪಾಗಿ, ಚಹಾದ ಬಣ್ಣಕ್ಕೆ ಬಂದಿತ್ತು.

ಅವಳು ಇಬ್ಬರಿಗೂ ಬಿಡಿಸಿ ಹೇಳಿದಳು. ಈಗ ಒಳಗಿರುವ ಈ ಮಾಸಿದ ಮೈಯೇ ಮೊದಲು ಹೊರಗಿದ್ದದ್ದು, ದೊಡ್ಡ ಕೋಟಿನ ಕಾಲದಲ್ಲಿ. ಮಗುವಿಗಾಗಿ ಕತ್ತರಿಸಿದಾಗ ಮಗುಚಿ, ಹೊಸ ಮೈಯನ್ನು ಹೊರಗೆ ತಂದಿದ್ದಾರೆ. ಅದಕ್ಕಿಂತ ಮೊದಲೂ ಒಮ್ಮೆ ಮಗುಚಿದ್ದರೆ ಎರಡೂ ಮೈ ಹೀಗೇ ಸವೆದಿರಬೇಕಿತ್ತು. ಸವೆದಿರುವುದು ಒಂದೇ. ಹಾಗಾದರೆ ಚಿತ್ರ ಬರೆದಾಗ ಕೋಟು ಮೊದಲು ಹೊಲಿದ ಹಾಗೇ ಇತ್ತು. ಗುಂಡಿ ಹೆಂಗಸರ ಕಡೆಗೇ ಇತ್ತು. ಚಿತ್ರದಲ್ಲಿ ಅದು ತಿರುಗಿದ್ದು ಕನ್ನಡಿಯಿಂದ.

ಮೇಷ್ಟರ ಮಗಳು ಕಪ್ಪುಗಳನ್ನು ಒಂದೊಂದಾಗಿ ತಟ್ಟೆಗೆ ಜೋಡಿಸಿದಳು, ಮತ್ತೆ ಕೆಳಗಿಟ್ಟಳು. ಆಮೇಲೆ ಯಾರನ್ನೂ ನೋಡದೆ ಮಾತಾಡತೊಡಗಿದಳು.

“ಅಪ್ಪ ಪರೀಕ್ಷೆ ಕೆಲಸಕ್ಕೆ ಅಂತ ವರ್ಷಕ್ಕೆ ಎರಡು ಸಲ ಬೇರೆ ಊರಿಗೆ ಹೋಗ್ತಿದ್ದ. ಹತ್ತು ಹತ್ತು ದಿನ. ಆಗಲೂ ಮನೆ ತುಂಬ ಬಣ್ಣ ಕಲಸೋ ಟರ್ಪೆಂಟೈನ್ ವಾಸನೆ ಇರ್ತಿತ್ತು. ಅಪ್ಪ ಇಲ್ವಲ್ಲಮ್ಮಾ ಅಂದ್ರೆ, ಮೇಜಿಗೆ ಪಾಲಿಶ್ ಹಾಕ್ದೆ ಕಣೇ ಅನ್ನೋಳು. ನಲವತ್ತು ವರ್ಷ ವಾಸನೆ ನೋಡಿ ಔಷಧಿ ಗುರುತು ಹಿಡಿದೋಳು ನಾನು. ಇದೊಂದನ್ನ ಯಾಕೆ ಯೋಚನೆ ಮಾಡ್ಲಿಲ್ಲ?”

ಬಂದವರೆಲ್ಲ ಆ ಚಿತ್ರ ನೋಡಿ ಮೇಷ್ಟರನ್ನು ಹೊಗಳುತ್ತಿದ್ದರಂತೆ. ಆಗ ಅಪ್ಪ ಹೌದು ಎನ್ನುತ್ತಿರಲಿಲ್ಲ, ಅಲ್ಲ ಎನ್ನುತ್ತಿರಲಿಲ್ಲ, ಹೆಂಡತಿಯ ಕಡೆ ನೋಡುತ್ತಿದ್ದನಂತೆ. ಅಮ್ಮ ಸಣ್ಣಗೆ ತಲೆಯಾಡಿಸಿ ಚಹಾ ತರಲು ಎದ್ದು ಹೋಗುತ್ತಿದ್ದಳಂತೆ. ಅದು ಬೇಡ ಎಂಬ ತಲೆಯಾಟವೋ, ನಾಚಿಕೆಯೋ, ಇಬ್ಬರ ನಡುವಿನ ತಮಾಷೆಯೋ ಮಗಳಿಗೆ ಆಗ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಟೈಲರಮ್ಮ ಅಸ್ತರಿ ಬಿಚ್ಚಿದ ಜಾಗವನ್ನು ಮತ್ತೆ ಹೊಲಿದು ಕೊಡುತ್ತೇನೆ ಎಂದು ಸೂಜಿ ದಾರ ಕೇಳಿದಳು. ಕ್ಯುರೇಟರ್ ದಾರ ಪೋಣಿಸಿಕೊಟ್ಟಳು.

ಮುಂದಿನ ಎರಡು ತಿಂಗಳು ಚಿತ್ರವನ್ನು ಒಳಗೊಯ್ದು, ದೀಪಗಳ ಕೆಳಗಿಟ್ಟು, ಬೇರೆ ಊರಿನ ಇಬ್ಬರು ತಿಳಿದವರನ್ನು ಕರೆಸಿ ನೋಡಿದರು. ಅವರಲ್ಲಿ ಒಬ್ಬರು ಒಪ್ಪಿದರು, ಇನ್ನೊಬ್ಬರು ಬಹುಮಟ್ಟಿಗೆ ಒಪ್ಪಿದರು. ಚೀಟಿ ಬದಲಾಯಿತು. ಹೊಸ ಚೀಟಿಯಲ್ಲಿ ‘ಮೇಷ್ಟರ ಪತ್ನಿಯ ಸ್ವಚಿತ್ರ’ ಎಂದಿತ್ತು, ಕೆಳಗೆ ಅವಳ ಹೆಸರಿತ್ತು, ಅದರ ಕೆಳಗೆ ಕೋಟಿನ ಗುಂಡಿಗಳನ್ನು ಗಮನಿಸಿದವರು ಈ ಸಂಗ್ರಹಾಲಯದ ಸಿಬ್ಬಂದಿ ಎಂದಿತ್ತು. ಒಂದು ಪತ್ರಿಕೆಯಲ್ಲಿ ಸುದ್ದಿ ಬಂತು. ಗಾಜಿನ ಕಾಡು ನೋಡಿ ಮೇಲೆ ಬಂದವರು ನಾಲ್ಕನೇ ಕೋಣೆ ಎಲ್ಲಿ ಎಂದು ಕೇಳತೊಡಗಿದರು. ಬಂದವರೆಲ್ಲ ಚಿತ್ರದ ಮುಂದೆ ನಿಂತು ತಮ್ಮ ತಮ್ಮ ಅಂಗಿಯ ಗುಂಡಿ ಮುಟ್ಟಿ ನೋಡಿಕೊಳ್ಳುವುದು ಟೈಲರಮ್ಮನಿಗೆ ನೋಡಲು ಮಜಾ ಎನಿಸುತ್ತಿತ್ತು. ಗಡಿಯಾರ ಒಂದು ದಿನ ಎರಡು ನಿಮಿಷ ತಡವಾಗಿ ಬಂದ. ಮೆಟ್ಟಿಲಲ್ಲಿ ಯಾರಿಗೋ ಆ ಕಥೆ ಹೇಳುತ್ತಾ ನಿಂತಿದ್ದನಂತೆ.

ಪ್ರದರ್ಶನ ಮುಗಿಯುವ ವಾರ, ಬುಧವಾರ ಬೆಳಗ್ಗೆ, ಮೇಷ್ಟರ ಮಗಳು ಬಂದಳು. ಟೈಲರಮ್ಮ ತನ್ನ ಕುರ್ಚಿಯನ್ನು ಚಿತ್ರದ ಎದುರಿಗೆ ತಂದಿಟ್ಟಳು. ಅದು ಕಟ್ಟಳೆಗೆ ವಿರುದ್ಧ. ಮುದುಕಿ ಕೂತು, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

“ಈ ಮುಖ ಕಂಡ್ರೆ ನಂಗೆ ಭಯ,” ಎಂದಳು ಕೊನೆಗೆ. “ಊಟಕ್ಕೆ ಕೂತ್ರೆ ಎದುರಿಗೆ ಇದೇ. ತಟ್ಟೇಲಿ ಬಿಟ್ರೆ ಬೈಯ್ತಾಳೆ ಅಂತ. ದೊಡ್ಡೋಳಾದ್ಮೇಲೆ, ಅಮ್ಮ ಅಪ್ಪನ ಮೇಲೆ ಸಿಟ್ಟು ಇಟ್ಕೊಂಡು ಕೂತಿದ್ಲೇನೋ ಅಂದ್ಕೊಂಡೆ. ಅವನು ಬರೀತಿದ್ರೆ ಇವಳು ಹೀಗೆ ಹುಬ್ಬು ಗಂಟು ಹಾಕ್ಕೊಂಡು ಯಾಕೆ ನೋಡ್ಬೇಕು ಅಂತ.”

ಟೈಲರಮ್ಮನೂ ಅಷ್ಟು ದಿನದಲ್ಲಿ ಮೊದಲ ಸಲ ಕೋಟು ಬಿಟ್ಟು ಮುಖ ನೋಡಿದಳು. ಹುಬ್ಬಿನ ಗಂಟು, ಬಿಗಿದ ತುಟಿ, ಒಂದಿಷ್ಟು ಕಿರಿದಾದ ಕಣ್ಣು. ಆ ಮುಖ ಅವಳಿಗೆ ಗೊತ್ತಿತ್ತು. ಬಟ್ಟೆಗೆ ಕತ್ತರಿ ಹಾಕುವ ಮುಂಚಿನ ಗಳಿಗೆಯ ಮುಖ.

“ಸಿಟ್ಟಲ್ಲಮ್ಮಾ. ಅಳತೆ ನೋಡ್ತಿದಾರೆ.”

ಮೇಷ್ಟರ ಮಗಳು ತಲೆ ಓರೆಮಾಡಿ ನೋಡಿದಳು. ಚೀಲದಿಂದ ಕರವಸ್ತ್ರ ತೆಗೆದಳು, ಬಳಸದೆ ಹಾಗೇ ಹಿಡಿದುಕೊಂಡಳು. ಹೊರಗೆ ಸೇತುವೆಗಳ ಕಡೆ ಶಾಲೆಯ ಮಕ್ಕಳ ಗುಂಪೊಂದು ಗಲಗಲ ಮಾಡುತ್ತಾ ಹಾದುಹೋಯಿತು. ಸ್ವಲ್ಪ ಹೊತ್ತಿಗೆ ಅವಳು ಕುರ್ಚಿಯಿಂದ ಎದ್ದಳು. ಹೊರಡುತ್ತಾಳೆ ಎಂದು ಟೈಲರಮ್ಮ ಚೀಲಕ್ಕೆ ಕೈ ಚಾಚಿದಳು. ಆದರೆ ಮುದುಕಿ ಬಾಗಿಲ ಕಡೆ ಹೋಗಲಿಲ್ಲ. ಪಕ್ಕದ ಗೋಡೆಯ ಹತ್ತಿರ, ಕಿಟಕಿ ದಂಡೆಯ ಈರುಳ್ಳಿಗಳ ಮುಂದೆ ನಿಂತಳು. ಇದು ನಮ್ಮ ಅಡುಗೆಮನೆ ಕಿಟಕಿ ಎಂದಳು. ಅಪ್ಪ ಅಡುಗೆಮನೆಗೆ ಬಂದದ್ದು ನನಗೆ ನೆನಪಿಲ್ಲವಲ್ಲ ಎಂದೂ ಹೇಳಿದಳು.

ಟೈಲರಮ್ಮ ಅವಳ ಪಕ್ಕಕ್ಕೆ ಹೋಗಿ ನಿಂತಳು. ಇಬ್ಬರೂ ಒಂದು ತೋಳು ಅಂತರದಲ್ಲಿ ನಿಂತು ಈರುಳ್ಳಿಗಳನ್ನು ನೋಡತೊಡಗಿದರು.